ಮುಖ ನೋಡಿ ಹೇಳಿದ ಉತ್ತರಗಳು

ಬಿ.ಇಡಿ. ಓದುವಾಗ ಬುದ್ಧಿಶಕ್ತಿಯ ಸಿದ್ಧಾಂತಗಳನ್ನೆಲ್ಲ ಬಾಯಿಪಾಠ ಮಾಡಿದ್ದೆ. ಬುದ್ಧಿ ಎನ್ನುವುದು ಒಂದೇ, ಮಾಡುವ ಕೆಲಸಕ್ಕೆಲ್ಲ ಅದೇ ಒದಗುತ್ತದೆ ಎನ್ನುವವರು ಕೆಲವರು. ಇಲ್ಲ, ಲೆಕ್ಕದ ಬುದ್ಧಿ ಬೇರೆ, ಮಾತಿನ ಬುದ್ಧಿ ಬೇರೆ, ಎದುರಿನವರ ಮನಸ್ಸು ತಿಳಿಯುವ ಬುದ್ಧಿಯೇ ಬೇರೆ ಎನ್ನುವವರು ಇನ್ನು ಕೆಲವರು. ಪರೀಕ್ಷೆಗೆ ಬರೆದೆ, ಒಳ್ಳೆಯ ಅಂಕ ಬಂತು, ಮರೆತೆ. ಮದ್ದೂರಿನ ಶಾಲೆಯೊಂದರಲ್ಲಿ ಟೀಚರ್ ಆಗಿ, ಊರವರ ಮಕ್ಕಳನ್ನು ಇವನು ಜಾಣ, ಇವಳು ದಡ್ಡಿ ಎಂದು ಕಣ್ಣಳತೆಯಲ್ಲೇ ತೀರ್ಮಾನಿಸುತ್ತಾ ಹಾಯಾಗಿದ್ದೆ. ನನ್ನ ಮಗಳು ಹುಟ್ಟುವವರೆಗೆ ಮಾತ್ರ.

ಅವಳಿಗೆ ಮಾತು ಬಂದದ್ದು ತಡ, ಅಕ್ಷರ ಬಂದದ್ದು ಇನ್ನೂ ತಡ. ಗಡಿಯಾರ ನೋಡುವುದನ್ನು ಕಲಿಸುವಷ್ಟರಲ್ಲಿ ನನ್ನ ತಾಳ್ಮೆಯೆಲ್ಲ ಖಾಲಿ. ಸಂಜೆ ಅಡುಗೆಮನೆಯಲ್ಲೇ ನಮ್ಮ ಪಾಠ. ನಾನು ಕೇಳಬೇಕು, ಅವಳು ಹೇಳಿ ನನ್ನ ಮುಖ ನೋಡಬೇಕು. ಸರಿಯಿದ್ದರೆ ನಾನು ಚಪ್ಪಾಳೆ ತಟ್ಟಿ, "ಜಾಣೆ ಕಣಮ್ಮ ನೀನು" ಅನ್ನಬೇಕು. ಕೈಯೆಲ್ಲ ರಾಗಿಹಿಟ್ಟಾಗಿದ್ದರೂ ತಟ್ಟಲೇಬೇಕು, ಇಲ್ಲದಿದ್ದರೆ ಬಿಡುತ್ತಿರಲಿಲ್ಲ. ತಪ್ಪಾಗಿದ್ದರೆ ನಾನು ಬಾಯಿ ತೆರೆಯುವ ಮೊದಲೇ ಅವಳಿಗೆ ತಿಳಿದುಹೋಗುತ್ತಿತ್ತು. ಆತಗೂರಿನಿಂದ ಬಂದಾಗಲೆಲ್ಲ ನಮ್ಮತ್ತೆ ಬೈಯುತ್ತಿದ್ದರು, "ನೀನು ಮೊಕ ಗಂಟಾಕಂಡ್ರೆ ಮಗ ಊಟನೇ ಬುಡ್ತದೆ ಕಣಮ್ಮ, ವಸಿ ನಗ್ತಾ ಇರು."

ಕಳೆದ ವರ್ಷ ಅವಳು ಒಂಬತ್ತನೇ ತರಗತಿಗೆ ಬಂದಳು. ಎಸ್ಸೆಸ್ಸೆಲ್ಸಿ ಎದುರಿಗೇ ಇತ್ತು. ಬುದ್ಧಿಮಟ್ಟ ಕಡಿಮೆ ಎಂದು ವೈದ್ಯರ ಸರ್ಟಿಫಿಕೇಟು ಸಿಕ್ಕರೆ ಪರೀಕ್ಷೆಯಲ್ಲಿ ಹೆಚ್ಚು ಸಮಯ ಕೊಡುತ್ತಾರೆ, ಬರೆದುಕೊಡಲು ಒಬ್ಬರನ್ನೂ ಕೊಡುತ್ತಾರೆ ಎಂದರು. ಸಿಗದಿದ್ದರೆ ಅವಳು ಪಾಸಾಗುವ ಮಾತೇ ಇರಲಿಲ್ಲ. ಆದರೆ ನನ್ನ ಮಗಳು ಗೆರೆಯ ಮೇಲೇ ನಿಂತವಳು. ತರಗತಿಯಲ್ಲಿ ಹಿಂದೆ, ಆಸ್ಪತ್ರೆಯ ಲೆಕ್ಕದಲ್ಲಿ ಎಲ್ಲಿ ಸ್ವಲ್ಪ ಮುಂದೆ ಬಂದುಬಿಡುತ್ತಾಳೋ ಎಂದು ನನಗೆ ಭಯ.

ಮಂಡ್ಯದ ಆಸ್ಪತ್ರೆಯೊಂದರಲ್ಲಿ ಪರೀಕ್ಷೆ. ಮಾಡುವವರು ನನಗಿಂತ ಚಿಕ್ಕ ವಯಸ್ಸಿನ ಹೆಣ್ಣುಮಗಳು, ಮನಶ್ಶಾಸ್ತ್ರಜ್ಞೆ. ಮಗಳು ನನ್ನ ಸೆರಗು ಬಿಡದಿದ್ದುದರಿಂದ ನನ್ನನ್ನೂ ಒಳಗೇ ಕೂರಿಸಿದರು.

"ಬಸ್ಸಿಗೂ ರೈಲಿಗೂ ಏನು ಹೋಲಿಕೆ, ಪುಟ್ಟಿ?"

"ಎರಡ್ರಲ್ಲೂ ಮಂಡ್ಯಕ್ಕೆ ಬರಬೋದು," ಎಂದಳು. ಮನಶ್ಶಾಸ್ತ್ರಜ್ಞೆ ನಕ್ಕು ಬರೆದುಕೊಂಡರು. ಮಗಳು ನನ್ನತ್ತ ತಿರುಗಿದಳು, ಚಪ್ಪಾಳೆಗೆ.

ನನ್ನ ಕೈ ಏಳಲಿಲ್ಲ. ಇವತ್ತೇ ಇವಳಿಗೆ ಜಾಣತನ ಬರಬೇಕಿತ್ತಾ ಎಂದು ಸಿಟ್ಟು ಬಂತು. ಹೌದು, ಸಿಟ್ಟು. ವರ್ಷಗಟ್ಟಲೆ ಒಂದೊಂದು ಉತ್ತರಕ್ಕೂ ಹರಕೆ ಹೊತ್ತವಳು ನಾನೇ.

ಆಮೇಲೆ ಕೆಂಪು ಬಿಳಿ ಮರದ ತುಂಡುಗಳನ್ನು ಕೊಟ್ಟು, ಚಿತ್ರದಲ್ಲಿರುವ ಹಾಗೆ ಜೋಡಿಸು ಎಂದರು. ನಾಲಿಗೆ ಕಚ್ಚಿಕೊಂಡು ಜೋಡಿಸಿದಳು. ಸರಿಯಾಗಿತ್ತು. ಮತ್ತೆ ನನ್ನ ಮುಖ ನೋಡಿದಳು. ಅಲ್ಲಿ ಏನು ಕಂಡಿತೋ, ಒಂದು ತುಂಡನ್ನು ಮೆಲ್ಲಗೆ ತಿರುಗಿಸಿ ತಪ್ಪು ಮಾಡಿದಳು. ಪುನಃ ನೋಡಿದಳು. ನನಗೆ ಗೊತ್ತಿಲ್ಲದಂತೆಯೇ ನನ್ನ ಮುಖ ತಿಳಿಯಾಗಿರಬೇಕು. ಅವಳೂ ನಕ್ಕಳು.

ಅಲ್ಲಿಂದಾಚೆಗೆ ಎಲ್ಲವೂ ತಪ್ಪು. ವಾರಕ್ಕೆ ಎಷ್ಟು ದಿನ ಎಂದರೆ ಹತ್ತು. ನಿನ್ನ ಊರು ಯಾವುದು ಎಂದರೆ ಮಳವಳ್ಳಿ. ಒಂದೊಂದಕ್ಕೂ ನನ್ನತ್ತ ಒಂದು ನೋಟ. ಅದು ನಿಲ್ಲಬೇಕೆಂದು ನನಗೆ ಅನಿಸಲಿಲ್ಲ. ಬಾಯಿಬಿಟ್ಟು ಹೇಳಿಕೊಟ್ಟಿಲ್ಲವಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಳ್ಳುತ್ತಾ ಕೂತಿದ್ದೆ. ಇದನ್ನು ಬರೆಯುವಾಗಲೂ ಮುಖ ಎಲ್ಲಿಡಲಿ ಅನಿಸುತ್ತದೆ.

ಮನಶ್ಶಾಸ್ತ್ರಜ್ಞೆ ಪೆನ್ನು ಕೆಳಗಿಟ್ಟು ನನ್ನನ್ನೇ ನೋಡಿದರು. "ಮೇಡಂ, ನೀವು ಸ್ವಲ್ಪ ಹೊರಗೆ ಕೂತಿರಿ," ಎಂದರು. ಮರ್ಯಾದೆಯಾಗಿಯೇ ಹೇಳಿದರು. ಕಾಪಿ ಹೊಡೆಯುವ ಎಷ್ಟು ಮಕ್ಕಳನ್ನು ನಾನೇ ಹಾಗೆ ಹೊರಗೆ ಕಳಿಸಿದ್ದೇನೆ. ಹೊರಗಿನ ಬೆಂಚಿನಲ್ಲಿ, ಬೇರೆ ತಾಯಂದಿರ ನಡುವೆ, ತಲೆ ತಗ್ಗಿಸಿ ಕೂತೆ.

ಸ್ವಲ್ಪ ಹೊತ್ತಾದ ಮೇಲೆ ಅವರೇ ಅವಳನ್ನು ಕರೆದುಕೊಂಡು ಬಂದರು. "ಇವತ್ತಿನದನ್ನ ನಾನು ಲೆಕ್ಕಕ್ಕೆ ಹಿಡಿಯಲ್ಲ ಮೇಡಂ. ಮುಂದೆ ಯಾವತ್ತಾದ್ರೂ ಮತ್ತೆ ಮಾಡೋಣ. ಅವತ್ತು ಇವಳ ಜೊತೆ ಬೇರೆ ಯಾರನ್ನಾದರೂ ಕಳಿಸಿ." ಬೈದಿದ್ದರೆ ವಾಸಿಯಿತ್ತು.

ಮದ್ದೂರಿನ ಬಸ್ಸಿನಲ್ಲಿ ಅವಳಿಗೆ ಕಿಟಕಿಯ ಸೀಟು ಬಿಟ್ಟುಕೊಟ್ಟೆ. ಅವಳು ಕಿಟಕಿಯ ಕಡೆ ನೋಡಲೇ ಇಲ್ಲ. ನನ್ನ ತೋಳು ಜಗ್ಗಿ, ಕಿವಿಯ ಹತ್ತಿರ ಬಂದು, ಯಾರಿಗೂ ಕೇಳಿಸದ ಹಾಗೆ ಹೇಳಿದಳು.

"ಅಮ್ಮ, ನೀನು ಹೊರಗೆ ಹೋದ್ಮೇಲೂ ಎಲ್ಲಾ ತಪ್ಪೇ ಹೇಳ್ದೆ ಕಣಮ್ಮ. ಒಂದೂ ಸರಿ ಹೇಳ್ಲಿಲ್ಲ."

ಹೇಳಿ, ನನ್ನ ಮುಖ ನೋಡುತ್ತಾ, ಚಪ್ಪಾಳೆಗೆ ಕಾದು ಕೂತಳು.