ಯಜ್ಞನಾರಾಯಣರ ಶಾಂತ ಸ್ವಭಾವ

ಬ್ಯಾಂಕಿನ ಇನ್‌ಸ್ಪೆಕ್ಷನ್ ವಿಭಾಗದಿಂದ ನಿವೃತ್ತರಾದ ಯಜ್ಞನಾರಾಯಣರು ತಪ್ಪು ಹುಡುಕುವುದಕ್ಕೆಂದೇ ಸಂಬಳ ಪಡೆದವರು. ಮನೆಯಲ್ಲಿ ಅದೇ ಸೇವೆಯನ್ನು ಪುಕ್ಕಟೆ ಕೊಡುತ್ತಿದ್ದರು. ಒಗ್ಗರಣೆ ಸೀದಿದೆ, ಮೆಟ್ರೋದಲ್ಲಿ ಘೋಷಣೆ ಅತಿಯಾಯಿತು, ಕನ್ನಡ ಸಂಘದ ಊಟದಲ್ಲಿ ಬಾಳೆಲೆ ತಿರುಗಿಸಿ ಹಾಕಿದ್ದಾರೆ. ಪುತ್ತೂರಿನಿಂದ ವರ್ಗವಾಗಿ ಬಂದು ಮಲಯಾಳಿಗಳ ಊರಾದ ತ್ರಿಪ್ಪುಣಿತ್ತುರದಲ್ಲೇ ಬೇರೂರಿದ ಮನುಷ್ಯ. ಬೇರೂರಿದ ಮಣ್ಣಿನಲ್ಲೂ ಕಲ್ಲು ಹುಡುಕಿದವರು. ಹೆಂಡತಿ ಸುಮಿತ್ರ "ಹೌದು, ನನ್ನದೇ ತಪ್ಪು" ಎಂದು ಅಡುಗೆಮನೆಯಿಂದಲೇ ಕೂಗಿ ಸಂಸಾರ ತೂಗಿಸಿದರು.

ಅಂಥವರು ಅರವತ್ತೆಂಟು ದಾಟುತ್ತಲೇ ಸುಮ್ಮನಾದರು. ಹಾಕಿದ್ದನ್ನು ಉಂಡರು, ಕೇಳಿದ್ದಕ್ಕೆಲ್ಲ ತಲೆಯಾಡಿಸಿದರು. ಇಷ್ಟು ವರ್ಷ ಹೊತ್ತ ಹರಕೆಗಳಲ್ಲಿ ಒಂದಾದರೂ ಫಲಿಸಿತೆಂದು ಸುಮಿತ್ರ ಹಿಗ್ಗಿದರು. ಸಂಘದಲ್ಲಿ ಆಗ ಮಂಗಳೂರಿನವರು, ಮೈಸೂರಿನವರು, ಧಾರವಾಡದವರು ಅಧ್ಯಕ್ಷಗಿರಿಗೆ ಜಗ್ಗಾಡುತ್ತಿದ್ದರು. ಯಾರ ಮಾತಿಗೂ ಇಲ್ಲವೆನ್ನದ ಈ ಆಸಾಮಿ ಕಣ್ಣಿಗೆ ಬಿದ್ದದ್ದೇ ತಡ, ಮೂರೂ ಪಂಗಡಗಳು ಒಟ್ಟಿಗೆ ಕೈಯೆತ್ತಿದವು.

"ಸರ್ ಈಗ ಋಷಿ ಆಗಿದ್ದಾರೆ ಅಕ್ಕಾ. ನಮಗೆ ಇಂಥವರೇ ಬೇಕಿತ್ತು," ಎಂದ ಕಾರ್ಯದರ್ಶಿ ವಿನ್ಸೆಂಟ್.

"ಋಷಿ ಮಾಡ್ಲಿಕ್ಕೆ ಎಷ್ಟು ವರ್ಷ ಹಿಡೀತು ಅಂತ ನನ್ನ ಹತ್ರ ಕೇಳು. ಹಾರ ನನಗೆ ಹಾಕ್ಬೇಕು," ಎಂದರು ಸುಮಿತ್ರ.

ವಾರ್ಷಿಕೋತ್ಸವದ ದಿನ ಅಧ್ಯಕ್ಷರು ಎರಡು ಮಾತಾಡಲು ಎದ್ದರು. ಬಲಗೈಯಲ್ಲಿದ್ದ ಮೈಕು ಜಾರಿತು. ಬಾಯಿಂದ ಮಾತಿನ ಬದಲು ಏನೋ ತೊದಲು ಬಂತು. ಅಧ್ಯಕ್ಷರ ಗಂಟಲು ಉಬ್ಬಿ ಬಂದಿದೆ ಎಂದುಕೊಂಡ ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ಸುಮಿತ್ರರೂ ಕಣ್ಣೊರೆಸಿಕೊಂಡು ತಟ್ಟಿದರು. ತಿರುವನಂತಪುರದ ಐಟಿ ಪಾರ್ಕಿನಲ್ಲಿ ಕೆಲಸದಲ್ಲಿದ್ದ ಮಗಳು ಇಂಚರಾ ವಿಡಿಯೋ ಕಾಲ್‌ನಲ್ಲಿ ನೋಡುತ್ತಿದ್ದಳು. "ಅಮ್ಮಾ, ಚಪ್ಪಾಳೆ ನಿಲ್ಸು! ಅಪ್ಪನ ಬಾಯಿ ಓರೆಯಾಗಿದೆ. ಸ್ಟ್ರೋಕ್ ಅದು!" ಎಂದು ಕಿರುಚಿದಳು.

ಆಸ್ಪತ್ರೆ ತಲುಪುವಷ್ಟರಲ್ಲಿ ಕೈ, ಬಾಯಿ ಎರಡೂ ಸರಿಯಾಗಿದ್ದವು. ಆದರೆ ಸ್ಕ್ಯಾನಿಂಗ್ ಬೇರೆ ಮಾತು ಹೇಳಿತು. ಕತ್ತಿನ ಎಡಗಡೆ, ಮೆದುಳಿಗೆ ರಕ್ತ ಒಯ್ಯುವ ನಾಳದಲ್ಲಿ ಕೊಬ್ಬು ಕಟ್ಟಿಕೊಂಡು ಒಂದು ಎಳೆಯಷ್ಟೇ ದಾರಿ ಉಳಿದಿತ್ತು. ತಡಮಾಡದೆ ತಿರುವನಂತಪುರದ ದೊಡ್ಡಾಸ್ಪತ್ರೆಗೆ ಕಳುಹಿಸಿದರು.

ಅಲ್ಲಿನ ಡಾಕ್ಟರು ಕೇಳಿದರು: "ಇತ್ತೀಚೆಗೆ ಸ್ವಭಾವದಲ್ಲೇನಾದರೂ ಬದಲಾವಣೆ?"

"ತುಂಬಾ ಶಾಂತ ಆಗಿದ್ದಾರೆ ಡಾಕ್ಟ್ರೇ. ಎರಡು ವರ್ಷದಿಂದ ಒಂದು ಎದುರು ಮಾತಿಲ್ಲ," ಎಂದು ಸುಮಿತ್ರ ಹೆಮ್ಮೆಯಿಂದಲೇ ಹೇಳಿದರು.

ಡಾಕ್ಟರು ಬರೆಯುವುದನ್ನು ನಿಲ್ಲಿಸಿದರು. ಒಂದು ನಿಮಿಷದಲ್ಲಿ ನೆನಪಾದಷ್ಟು ತರಕಾರಿಯ ಹೆಸರು ಹೇಳಲು ಯಜ್ಞನಾರಾಯಣರಿಗೆ ತಿಳಿಸಿದರು.

"ಬದನೆ," ಎಂದರು ಯಜ್ಞನಾರಾಯಣರು. "ಬೆಂಡೆ." ಹೆಂಡತಿಯ ಮುಖ ನೋಡಿದರು. ಬಹಳ ಹೊತ್ತಿನ ಮೇಲೆ, "ಬದನೆ."

ಸುಮಿತ್ರ ಗಂಡನತ್ತ ತಿರುಗಿದರು. ತೊಂಡೆಕಾಯಿ ಉದ್ದಕ್ಕೆ ಹೆಚ್ಚಿದೆಯೋ ಅಡ್ಡಕ್ಕೋ ಎಂದು ಜಗಳ ತೆಗೆದವರು ಇವರೇನಾ?

"ಅದು ಶಾಂತಿಯಲ್ಲ ಅಮ್ಮಾ. ಮೆದುಳಿಗೆ ಸಾಕಷ್ಟು ರಕ್ತ ಹೋಗದೆ ಮಂಕಾಗಿರಬಹುದು," ಎಂದರು ಡಾಕ್ಟರು. "ನಾಳದೊಳಗೆ ಸ್ಟೆಂಟ್ ಹಾಕೋಣ. ಅದು ದೊಡ್ಡ ಸ್ಟ್ರೋಕ್ ತಪ್ಪಿಸಲಿಕ್ಕೆ. ಹಾಕುವಾಗಲೇ ಸ್ಟ್ರೋಕ್ ಆಗುವ ಭಯವೂ ಸ್ವಲ್ಪ ಇದೆ. ಬುದ್ಧಿ ಮೊದಲಿನಂತಾಗುತ್ತದೆ ಎಂದು ಮಾತ್ರ ಮಾತು ಕೊಡಲಾರೆ. ಕೆಲವರು ಚುರುಕಾಗುತ್ತಾರೆ, ಕೆಲವರು ಆಗುವುದಿಲ್ಲ."

ಆ ರಾತ್ರಿ ಇಂಚರಾಳ ಬಾಡಿಗೆ ಕೋಣೆಯಲ್ಲಿ ತಾಯಿಯೂ ಮಗಳೂ ಅಕ್ಕಿಹಿಟ್ಟಿನ ಪುಟ್ಟನ್ನು ಮುಟ್ಟಲಿಲ್ಲ.

"ನಿಂಗೆ ಒಂದ್ಸಲನೂ ಡೌಟ್ ಬರ್ಲಿಲ್ವಾ ಅಮ್ಮಾ?"

"ಅಪ್ಪ ಈಗ ಎಷ್ಟು ಕೂಲ್ ಅಂತ ಫೋನಲ್ಲಿ ಹೇಳಿದ್ದು ಯಾರು?"

ಇಂಚರಾ ತಟ್ಟೆ ಸರಿಸಿದಳು.

ಸ್ಟೆಂಟ್ ಹಾಕಿದ್ದು ಸುಸೂತ್ರವಾಯಿತು. ಮನುಷ್ಯ ಮಾತ್ರ ಆಮೇಲೂ ಹಾಗೇ ಮೌನ. ಜಗಳ ಬೇಡವೆಂದು ಹರಕೆ ಹೊತ್ತ ಸುಮಿತ್ರ ಈಗ ಒಂದೇ ಒಂದು ಬೈಗುಳಕ್ಕಾಗಿ ದೇವರ ಮುಂದೆ ನಿಂತರು. ತ್ರಿಪ್ಪುಣಿತ್ತುರಕ್ಕೆ ಮರಳಿ ತಿಂಗಳುಗಳೇ ಕಳೆದವು. ಬೇಕೆಂದೇ ಉಪ್ಪು ಜಾಸ್ತಿ ಹಾಕಿದರು. ಯಜ್ಞನಾರಾಯಣರು ಅದನ್ನೂ ಉಂಡರು.

ಒಂದು ಸಂಜೆ ವಿನ್ಸೆಂಟ್ ರಾಜ್ಯೋತ್ಸವದ ಮಾತಿಗೆ ಬಂದ. "ಎಲ್ಲಾ ಫಿಕ್ಸ್ ಆಗಿದೆ ಸರ್. ಅಧ್ಯಕ್ಷರು ಹೂಂ ಅಂದ್ರೆ ಆಯ್ತು."

"ಯಾರು ಅಧ್ಯಕ್ಷ?"

"ನೀವೇ ಅಲ್ವಾ ಸರ್? ನೀವೇ ಒಪ್ಪಿದ್ದು."

"ಒಪ್ಪುವ ಜಾತಿಯವನಾ ನಾನು? ಇಷ್ಟು ವರ್ಷ ನೋಡಿದ್ದೀಯಲ್ಲ, ಅಷ್ಟೂ ಗೊತ್ತಾಗ್ಲಿಲ್ವಾ ನಿನಗೆ?"

ವಿನ್ಸೆಂಟ್ ಅರ್ಧ ಚಹಾ ಬಿಟ್ಟು ಹೊರಟ. ಸುಮಿತ್ರರಿಗೆ ನಗು ತಡೆಯದಾಯಿತು, ಕಣ್ಣಲ್ಲಿ ನೀರೂ ಬಂತು. ಲೋಟ ಎತ್ತಿಕೊಂಡು ಒಳಗೆ ಹೊರಟರು.

"ಅವನು ಹೊರಗಿನವ," ಎಂದರು ಯಜ್ಞನಾರಾಯಣರು ಹಿಂದಿನಿಂದ. "ನಿನಗೂ ಗೊತ್ತಾಗ್ಲಿಲ್ವಾ?"

ಸುಮಿತ್ರರ ನಗು ನಿಂತಿತು. "ನೀವು ಎಂತದೂ ಹೇಳ್ಲಿಲ್ಲ."

"ಹೇಳ್ಬೇಕು ಅಂತ ಹೊರಡ್ತಿದ್ದೆ ಮಾರಾಯ್ತಿ. ಮಾತು ಬಾಯಿಗೆ ಬರುವಷ್ಟರಲ್ಲಿ ನೀನು ಎದ್ದು ಹೋಗಿರ್ತಿದ್ದೆ."

ಸುಮಿತ್ರ ಲೋಟ ಕೆಳಗಿಟ್ಟು, ಅವರ ಎದುರು ಬಂದು ಕುಳಿತರು.