ಹುನ್ನೂರ ತಂಡದ ಮೊಣಕಾಲುಗಳು

ಹುನ್ನೂರಿನ ಭೀಮಶಿಗೆ ಐವತ್ತು ದಾಟಿ ಮೂರ್ನಾಲ್ಕು ವರ್ಷವಾಗಿದ್ದರೂ ಊರ ಹಾಕಿ ತಂಡದ ಗೋಲು ಕಾಯುವುದನ್ನು ಮಾತ್ರ ಬಿಟ್ಟಿರಲಿಲ್ಲ. ಕುರಿ ಕಾಯುವವರ ಮನೆಯಲ್ಲಿ ಹುಟ್ಟಿದವನಿಗೆ ಕಾಯುವುದು ರಕ್ತದಲ್ಲೇ ಇತ್ತು ಎನ್ನಿ. ಕುರಿ ಒಳಗೆ ಬರಬೇಕು, ಚೆಂಡು ಒಳಗೆ ಬರಬಾರದು, ಇಷ್ಟೇ ಫರಕು ಎಂದು ಅವನೇ ಹೇಳುತ್ತಿದ್ದ. ಬಹಳ ಹಿಂದೆ ಊರ ಶಾಲೆಗೆ ಬಂದ ಡ್ರಿಲ್ ಮಾಸ್ತರೊಬ್ಬರು ಹುಡುಗರ ಕೈಗೆ ಬಾಗಿದ ಕೋಲು ಕೊಟ್ಟಿದ್ದರು. ಮಾಸ್ತರು ವರ್ಗವಾಗಿ ಹೋದರು, ಹುಡುಗರು ಅಜ್ಜಂದಿರಾದರು, ಕೋಲು ಕೈಯಲ್ಲೇ ಉಳಿಯಿತು.

ಉಳಿಯದೆ ಹೋದದ್ದು ಮೊಣಕಾಲು. ಆ ತಂಡದಲ್ಲಿ ಒಬ್ಬನ ಮೊಣಕಾಲೂ ನೆಟ್ಟಗಿರಲಿಲ್ಲ. ಅವರು ಮೈದಾನಕ್ಕಿಳಿದರೆ ಮೊದಲು ಕೇಳಿಸುತ್ತಿದ್ದುದು ಸೀಟಿಯಲ್ಲ, ಕೀಲುಗಳ ಲಟಲಟ. ನಾಯಕ ಬಸಗೊಂಡಪ್ಪ ಬನಹಟ್ಟಿಯಲ್ಲಿ ನೂಲಿನ ವ್ಯಾಪಾರ ಮಾಡುವ ಸಾಹುಕಾರ. ಚೆಂಡು ತನ್ನ ಹತ್ತಿರ ಬರಲಿ ಎಂದು ಕಾಯುತ್ತಿದ್ದನೇ ಹೊರತು ತಾನು ಚೆಂಡಿನ ಹತ್ತಿರ ಹೋಗುವ ಪದ್ಧತಿಯನ್ನೇ ಇಟ್ಟುಕೊಂಡಿರಲಿಲ್ಲ.

ಪ್ರತಿ ವರ್ಷ ಬನ್ನಿ ಹಬ್ಬ ಕಳೆದ ಮೇಲೆ ಬೀಳಗಿ ಕಡೆಯ ತಂಡದವರು ಹುನ್ನೂರಿಗೆ ಬಂದು ಒಂದು ಪಂದ್ಯ ಆಡುತ್ತಿದ್ದರು. ಅವರ ಊರೂ ಮೈದಾನವೂ ಆಣೆಕಟ್ಟಿನ ಹಿನ್ನೀರಿನಡಿ ಹೋದ ಮೇಲೆ ಪ್ರತಿ ವರ್ಷದ ಆಟವೂ ಹುನ್ನೂರಿನಲ್ಲೇ ನಡೆಯತೊಡಗಿತ್ತು. ಹಿಂದಿನ ವರ್ಷದ ಪಂದ್ಯದಲ್ಲಿ ಒಂದು ಚೆಂಡು ಭೀಮಶಿ ಮೊಣಕಾಲ ಕೆಳಗೆ ಕಟ್ಟಿದ್ದ ಶಿನ್ ಗಾರ್ಡಿಗೆ ಬಡಿದಿತ್ತು. ಗಾರ್ಡು ಮುರಿಯಲಿಲ್ಲ, ಮೇಲಕ್ಕೆ ಜರುಗಿ ತನ್ನ ಅಂಚನ್ನು ಮೊಣಕಾಲ ಚಿಪ್ಪಿನೊಳಗೆ ನೆಟ್ಟಿತು. ಭೀಮಶಿ ಹಿಂಗಾರಿ ಬೆಳೆ ಮನೆ ಸೇರುವವರೆಗೂ ಹಾಸಿಗೆಯಲ್ಲಿ ಬಿದ್ದ. ಅಷ್ಟು ದಿನವೂ ಕುರಿಗಳ ಹಿಂದೆ ತಿರುಗಿದವಳು ಅವನ ಹೆಂಡತಿ ಸಿದ್ದಕ್ಕ. ಈ ವರ್ಷ ಪಂದ್ಯದ ಮಾತು ಬರುತ್ತಲೇ ಅವಳು ಕಡ್ಡಿ ಮುರಿದಂತೆ ಹೇಳಿಬಿಟ್ಟಳು.

"ಈ ಸಲ ಮೊಣಕಾಲ ಹಿಡಕೊಂಡ ಮನಿಗಿ ಬಂದ್ರ ಆ ಕೋಲ ಒಲಿಗಿ ಇಡ್ತೇನ್ರಿ. ಅದರ ಉರಿ ಮ್ಯಾಲ ನೀರ ಕಾಸಿ ನಿಮ್ಮ ಮೊಣಕಾಲಿಗೇ ಹಾಕ್ತೇನಿ."

"ಆತು. ಬೀರಪ್ಪನಾಣಿ," ಎಂದು ಭೀಮಶಿ ತನ್ನ ಕುಲದೇವರ ಮೇಲೆ ಆಣೆ ಇಟ್ಟ. ಆದರೆ ಆ ಮಾತು ಅವನ ಎದೆಯಲ್ಲಿ ಕುಳಿತುಬಿಟ್ಟಿತು. ಗೋಲಿನ ಎರಡು ಕಂಬಗಳ ನಡುವೆ ನಿಂತಾಗ ಅವನು ಯಾರ ಗಂಡನೂ ಅಲ್ಲ, ಯಾರ ಕುರಿಯವನೂ ಅಲ್ಲ, ಹತ್ತು ವರ್ಷದ ಪೋರ. ಆ ಜಾಗ ಕೈತಪ್ಪಿ ಹೋದರೆ ತಾನು ಮುದುಕನಾದೆ ಎಂದು ಒಪ್ಪಿಕೊಳ್ಳಬೇಕಾಗುತ್ತದೆ, ಅದಕ್ಕೆ ಅವನು ಸಿದ್ಧನಿರಲಿಲ್ಲ.

ಹೀಗಾಗಿ ತಂಡಕ್ಕೆ ಹೊಸ ಗಾರ್ಡು ಆರಿಸುವ ಕೆಲಸವನ್ನು ತಾನೇ ಮೈಮೇಲೆ ಹಾಕಿಕೊಂಡ. ಅವನ ಲೆಕ್ಕ ಸರಿಯಾಗಿಯೇ ಇತ್ತು. ಗಾರ್ಡು ಕಾಯಬೇಕಾದದ್ದು ಮೊಣಕಾಲ ಕೆಳಗಿನ ಎಲುಬನ್ನು. ಕಾಲು ಮಡಚಿದಾಗಲೂ ಅದರ ತುದಿ ಮೊಣಕಾಲ ಚಿಪ್ಪಿಗಿಂತ ಎರಡು ಬೆರಳು ಕೆಳಗೇ ನಿಲ್ಲಬೇಕು. ಅದಕ್ಕೆ ಪ್ರತಿಯೊಬ್ಬನ ಕಾಲಿನ ಅಳತೆ ಬೇಕು. ಬಸಗೊಂಡಪ್ಪನ ಅಂಗಡಿಯಿಂದ ಒಂದು ನೂಲಿನ ಉಂಡೆ ತಂದು ಮನೆಮನೆ ತಿರುಗಿದ. ಆಟಗಾರರನ್ನು ಕಟ್ಟೆಯ ಮೇಲೆ ಕೂರಿಸಿ, ಪಾದದಿಂದ ಮೊಣಕಾಲವರೆಗೆ ನೂಲು ಹಿಡಿದು, ಹಲ್ಲಿನಲ್ಲಿ ಕಡಿದು ಕಿಸೆಗೆ ಹಾಕಿಕೊಂಡ. ಕುತೂಹಲಕ್ಕೆ ಬಂದವರದ್ದನ್ನೂ ಬಿಡಲಿಲ್ಲ. ಹಾಕಿ ಕೋಲನ್ನು ಜನ್ಮದಲ್ಲಿ ಮುಟ್ಟದ ಪೂಜಾರಿಯ ಕಾಲೂ ಅವನ ಕಿಸೆ ಸೇರಿತು.

ಜಮಖಂಡಿಯಲ್ಲಿ ಆಟದ ಸಾಮಾನು ಮಾರುವ ಅಪ್ಪಾಸಾಬನ ಅಂಗಡಿಗೆ ಹೋಗಿ ಕಿಸೆಗೆ ಕೈ ಹಾಕಿದರೆ, ಬಸ್ಸಿನ ನೂಕುನುಗ್ಗಲಿಗೆ ನೂಲುಗಳೆಲ್ಲ ಒಂದರೊಳಗೊಂದು ಸಿಕ್ಕಿ ಗುಬ್ಬಿ ಗೂಡಿನಂತಾಗಿದ್ದವು. ಅಪ್ಪಾಸಾಬ ಕನ್ನಡಕ ಏರಿಸಿ ಆ ಗೂಡನ್ನು ನೋಡಿದ.

"ಇದರಾಗ ಯಾರ ಕಾಲ ಯಾವುದ?"

"ಎಲ್ಲಾ ಹುನ್ನೂರಾವ ಅದಾವ್ರಿ."

ಬಿಡಿಸಲು ಇಬ್ಬರೂ ಕುಳಿತರು, ಬಿಡಿಸಿದಷ್ಟೂ ಗಂಟಾಯಿತು. ಕೊನೆಗೆ ಭೀಮಶಿ ಅಂಗಡಿಯ ಬಾಕಿನ ಮೇಲೆ ಕುಳಿತು ಇದ್ದಬದ್ದ ಗಾರ್ಡುಗಳನ್ನೆಲ್ಲ ತನ್ನ ಕಾಲಿಗೇ ಕಟ್ಟಿ ನೋಡತೊಡಗಿದ. ಒಂದು ಕಟ್ಟಿ ಎದ್ದ, ಕುಳಿತ, ಕುಕ್ಕರಿಸಿದ, ಬಿಚ್ಚಿದ. ಒಂದರ ತುದಿ ಮೊಣಕಾಲಿಗೆ ಚುಚ್ಚಿತು. ಇನ್ನೊಂದರ ಪಟ್ಟಿ ಮೊಣಕಾಲ ಹಿಂದಿನ ನರ ಹಿಡಿಯಿತು. ಮತ್ತೊಂದು ಮೆತ್ತಗೇನೋ ಇತ್ತು, ಆದರೆ ಬೆರಳಲ್ಲಿ ಒತ್ತಿದರೆ ಎಲುಬು ಕೈಗೆ ಸಿಕ್ಕಿತು. ಕ್ರಿಕೆಟ್ ಬ್ಯಾಟು ಕೊಳ್ಳಲು ಬಂದವರು ಬ್ಯಾಟು ಮರೆತು ಇವನ ಬೈಠಕ್ಕು ನೋಡುತ್ತ ನಿಂತರು. ಕೊನೆಗೆ ಮೂಲೆಯ ಬುಟ್ಟಿಯಲ್ಲಿ ಕೈಗೆ ಬಂದದ್ದು ಗಿಡ್ಡನೆಯ, ಗಟ್ಟಿಯಾದ ಒಂದು ಜೊತೆ. ಕಟ್ಟಿಕೊಂಡು ಕುಕ್ಕರಿಸಿದ. ಅದು ಮೊಣಕಾಲಿನ ತಂಟೆಗೇ ಹೋಗಲಿಲ್ಲ.

"ಇವು ಸಾಲಿ ಹುಡುಗೂರವು ಅದಾವೋ ಮಾರಾಯಾ," ಎಂದ ಅಪ್ಪಾಸಾಬ.

"ಹುಡುಗೂರಿಗಿ ಎಂದಾರ ಮೊಣಕಾಲ ನೂಸ್ತಾವೇನ್ರಿ? ಕಾರಣ ಇದ ಇರಬೇಕು. ಎಲ್ಲಾರಿಗೂ ಇವನ್ನ ಕೊಡ್ರಿ."

ಅಪ್ಪಾಸಾಬ ವ್ಯಾಪಾರಸ್ಥ, ಸುಮ್ಮನೆ ಕಟ್ಟಿಕೊಟ್ಟ.

ಗಾರ್ಡಿನ ಗಂಟು ಬಿಚ್ಚಿದಾಗ ಹುನ್ನೂರಿನಲ್ಲಿ ಹೊಸ ಫಜೀತಿ ಶುರುವಾಯಿತು. ಮಕ್ಕಳ ಗಾರ್ಡಾದ್ದರಿಂದ ಒಂದೊಂದರ ಮೇಲೂ ಒಂದೊಂದು ಚಿತ್ರವಿತ್ತು. ಬಸಗೊಂಡಪ್ಪ ತನ್ನ ಪಾಲಿನದನ್ನು ದೂರ ಹಿಡಿದು ನೋಡಿದ.

"ಲೇ ಭೀಮಶಿ, ಬೀಳಗಿ ಮಂದಿ ಮುಂದ ನಾ ಈ ಬೆಕ್ಕಿನ ಮಾರಿ ಕಟ್ಕೊಂಡ ನಿಲ್ಲಲೇನ?"

"ಬೆಕ್ಕಲ್ರಿ ಸಾವ್ಕಾರ್ರ, ಹುಲಿ."

"ಹುಲಿ ಎಲ್ಲ್ಯಾರ ಹಿಂಗ ನಗ್ತೈತೇನಲೇ?"

ಹುಲಿಯ ನಗುವನ್ನು ಮುಚ್ಚಲೇಬೇಕಾಯಿತು. ದೊಡ್ಡಿಯಲ್ಲಿ ಮರಿಗಳಿಗೆ ಹಾಸುತ್ತಿದ್ದ ಹಳೆಯ ಕಂಬಳಿಯೊಂದು ಭೀಮಶಿಗೆ ನೆನಪಾಯಿತು. ಕರಿಯ ಕಂಬಳಿ, ಕುರಿಯ ವಾಸನೆ, ಅಲ್ಲಲ್ಲಿ ತೂತು. ಅದನ್ನು ಹರಿದು ಎಲ್ಲ ಗಾರ್ಡುಗಳಿಗೂ ಸುತ್ತಿ ದಬ್ಬಣದಿಂದ ಹೊಲಿದ. ಗಿಡ್ಡ ಗಾರ್ಡಿನ ಕೆಳಗೆ ಬರಿದಾಗಿದ್ದ ಎಲುಬೂ ಮುಚ್ಚಿತು, ಅಂಚೂ ಮೆತ್ತಗಾಯಿತು. ತಾನು ಮಾಡಿದ್ದನ್ನು ನೋಡಿ ತಾನೇ ಹೆಮ್ಮೆಪಟ್ಟ.

ಪಂದ್ಯದ ದಿನ ಬೆಳಗ್ಗೆ ಮೊಣಕಾಲುಗಳಿಗೆ ಹಚ್ಚಲು ಅರಿಷಿಣ ಬೇಕೆಂದು ಸಿದ್ದಕ್ಕನಿಗೆ ಹೇಳಿದ. ಒಬ್ಬನಿಗಲ್ಲ, ಇಡೀ ತಂಡಕ್ಕೆ. ಅವಳು ಕುಕ್ಕರಗಾಲಲ್ಲಿ ಕುಳಿತು ಎಣ್ಣೆ ಬೆರೆಸಿ ಬಟ್ಟಲು ತುಂಬ ಅರೆದಳು. ಏಳುವಾಗ ಗೋಡೆ ಹಿಡಿದು "ಯವ್ವಾ" ಎಂದಳು. ಆಟದ ಮೇಲಿನ ಸಿಟ್ಟಿಗೆ ಹಾಗೆಂದಳು ಅಂದುಕೊಂಡು ಭೀಮಶಿ ಬಟ್ಟಲು ಎತ್ತಿಕೊಂಡು ಜಾಗ ಖಾಲಿ ಮಾಡಿದ. ಪುಕ್ಕಟೆ ಸಿಕ್ಕ ಅರಿಷಿಣವನ್ನು ಆಟಗಾರರು ಕೈತುಂಬ ಬಳಿದುಕೊಂಡರು. ಬಿಸಿಲಿಗೆ ಅದು ಮೊಣಕಾಲಿನಿಂದ ಇಳಿದು ಕರಿ ಕಂಬಳಿಯ ಮೇಲೆ ಹಳದಿಯಾಗಿ ಹರಡಿತು.

ಎರಡೂ ತಂಡಗಳು ಕೈಕುಲುಕಲು ಎದುರುಬದುರು ನಿಂತವು. ಬೀಳಗಿ ತಂಡದ ನಾಯಕ ಕರೆಪ್ಪನೂ ಬೀರಪ್ಪನ ಒಕ್ಕಲಿನವನೇ. ಕೈ ಚಾಚಿ ಬಂದವನು ಭೀಮಶಿಯ ಕಾಲ ಕಡೆ ನೋಡಿ ಗಕ್ಕನೆ ನಿಂತ. ಕರಿ ಕಂಬಳಿ, ಅದರ ಮೇಲೆ ಬೀರಪ್ಪನ ಗುಡಿಯಲ್ಲಿ ಹಾರಿಸುವ ಹಳದಿ ಭಂಡಾರ. ಚಾಚಿದ ಕೈಯನ್ನು ಕೆಳಗಿಳಿಸಿ, ಬಗ್ಗಿ, ಆ ಕಂಬಳಿಯನ್ನು ಮುಟ್ಟಿ ಹಣೆಗೆ ಒತ್ತಿಕೊಂಡ. ಅವನ ಹಿಂದಿದ್ದವರೆಲ್ಲ ಸಾಲಾಗಿ ಬಗ್ಗಿದರು.

"ಕರೆಪ್ಪಾ, ಇದು ಮೊಣಕಾಲಿಂದ..." ಎಂದು ಭೀಮಶಿ ಶುರುಮಾಡಿದ. ಬಸಗೊಂಡಪ್ಪ ಹಿಂದಿನಿಂದ ಚಿವುಟಿದ. ಆದರೆ ಭೀಮಶಿಯ ಬಾಯಿ ಕಟ್ಟಿಸಿದ್ದು ಚಿವುಟಿದ್ದಲ್ಲ, ಕರೆಪ್ಪನ ಮಾತು.

"ಊರ ನೀರಾಗ ಹೋಗೂ ಮುಂದ ನಾವು ಮೊದಲ ಹೊತ್ತದ್ದ ಕಂಬಳಿ, ಭಂಡಾರ. ಬಾಗಲಾ ಚೌಕಟ್ಟ ಸುದ್ದಾ ಆಮ್ಯಾಲ ಕಿತ್ತೇವಿ. ನೀವು ಅದನ್ನ ಮೈಮ್ಯಾಲ ಹೊತ್ತ ಆಡಾಕ ಬಂದೀರಿ. ಜೀವಕ್ಕ ತಂಪಾತ ನೋಡಣ್ಣಾ."

ಕಣ್ಣಂಚಿನಲ್ಲಿ ನೀರು ತಂದುಕೊಂಡು ನಿಂತವನಿಗೆ, ಇದು ಮರಿ ಮಲಗುವ ಕಂಬಳಿ, ಇದು ವಾಯುನೋವಿನ ಅರಿಷಿಣ ಎಂದು ಯಾವ ಬಾಯಲ್ಲಿ ಹೇಳುವುದು? ಅಷ್ಟಕ್ಕೂ ಕಂಬಳಿಯ ಮೇಲೆ ಅರಿಷಿಣ ಬಿದ್ದ ಮೇಲೆ ಅದು ದೇವರಲ್ಲ ಎನ್ನಲು ಭೀಮಶಿಯ ನಾಲಿಗೆಯೇ ಹೊರಳಲಿಲ್ಲ.

ಆಟ ಶುರುವಾಯಿತು, ಶುರುವಾಗಿ ನಿಂತಿತು, ಮತ್ತೆ ಶುರುವಾಯಿತು. ಬೀಳಗಿಯವರ ಕೋಲಿನಿಂದ ಹೊರಟ ಚೆಂಡು ಯಾರ ಕಂಬಳಿಗೆ ತಾಗಿದರೂ ಹೊಡೆದವನು ಕೋಲು ಕೆಳಗಿಟ್ಟು ಓಡಿಬಂದು ಮುಟ್ಟಿ ನಮಸ್ಕಾರ ಮಾಡುತ್ತಿದ್ದ. ಸೀಟಿ ಹಿಡಿದಿದ್ದ ಶಾಲೆಯ ಮಾಸ್ತರಿಗೆ, ನಮಸ್ಕಾರಕ್ಕೆ ಯಾವ ಸೀಟಿ ಊದಬೇಕೆಂದು ಯಾರೂ ಕಲಿಸಿರಲಿಲ್ಲ. ಕೊರಳಲ್ಲಿ ಲಿಂಗವಿದ್ದ ಬಸಗೊಂಡಪ್ಪನಂತೂ ಎರಡನೆಯ ನಮಸ್ಕಾರಕ್ಕೇ ರೂಢಿಯಾಗಿ, ಕೈ ಎತ್ತಿ ಆಶೀರ್ವಾದ ಮಾಡತೊಡಗಿದ. ಆಮೇಲಾಮೇಲೆ ಚೆಂಡು ತಾಗದಿದ್ದರೂ ಕಾಲು ಮುಂದೆ ಮಾಡಿ ನಿಲ್ಲುತ್ತಿದ್ದ.

ಈ ನಮಸ್ಕಾರ ಗೋಳು ಹೊಯ್ದುಕೊಂಡದ್ದು ಭೀಮಶಿಯನ್ನು. ಗೋಲಿಗೆ ಬಂದ ಚೆಂಡೆಲ್ಲ ಅವನ ಕಾಲಿಗೇ. ತನ್ನ ವಾರಿಗೆಯವನು ಕಾಲಿಗೆ ಬಗ್ಗಿದರೆ ಕಂಬದಂತೆ ನಿಲ್ಲಲು ಬರುತ್ತದೆಯೇ? ತಾನೂ ಬಗ್ಗಬೇಕು, ಭುಜ ಹಿಡಿದು ಎಬ್ಬಿಸಬೇಕು, "ಇರಲೇಳೋ ತಮ್ಮಾ" ಅನ್ನಬೇಕು. ಬಗ್ಗಿ ಎದ್ದ, ಬಗ್ಗಿ ಎದ್ದ. ಯಾವ ಗಾರ್ಡಿನ ಯಾವ ಅಂಚೂ ಮುಟ್ಟದ ಮೊಣಕಾಲುಗಳು ಮರ್ಯಾದೆಯ ಭಾರಕ್ಕೆ ಬಾತು ಕುಂಬಳಕಾಯಿಯಾದವು. ಕಾಲಿನೊಳಗೆ ಬೆಂಕಿ ಎದ್ದಾಗ ಅವನಿಗೆ ಕಂಡದ್ದು ಗೋಲಲ್ಲ, ಸಿದ್ದಕ್ಕನ ಒಲೆ.

ಆಟ ಮುಗಿಯುವ ಹೊತ್ತಿಗೆ ಬಸಗೊಂಡಪ್ಪನಿಗೆ ದೈವತ್ವ ತಲೆಗೇರಿತು. ತಮ್ಮ ಗೋಲಿನ ಮುಂದೆ ಉರುಳಿ ಬಂದ ಚೆಂಡಿನ ಮೇಲೆ ಕಾಲು ಚಾಚಿ ಕುಳಿತೇಬಿಟ್ಟ. ಆ ಕಾಲುಗಳನ್ನು ಸರಿಸಿ ಚೆಂಡು ತೆಗೆಯುವ ಧೈರ್ಯ ಬೀಳಗಿಯ ಒಬ್ಬನಿಗೂ ಆಗಲಿಲ್ಲ. ಮಾಸ್ತರಿಗೆ ಇದರ ಸೀಟಿ ಗೊತ್ತಿತ್ತು, ಜೋರಾಗಿ ಊದಿದರು. ಪೆನಾಲ್ಟಿ. ಗೋಲಿನ ಬಾಯಲ್ಲಿ ಭೀಮಶಿ ಒಬ್ಬನೇ, ಎದುರಿಗೆ ಕರೆಪ್ಪ.

ಕರೆಪ್ಪ ಕೋಲು ಎತ್ತಿದ, ಇಳಿಸಿದ. ಮತ್ತೆ ಎತ್ತಿ ಮತ್ತೆ ಇಳಿಸಿದ.

"ನನ್ನ ಕಡಿಂದ ಆಗಂಗಿಲ್ಲ ಭೀಮಶಣ್ಣಾ."

ಹುನ್ನೂರಿನವರು ಕೋಲು ಎತ್ತಿ ಕುಣಿದರು. ಭೀಮಶಿಗೆ ಮಾತ್ರ ನಾಚಿಕೆಯಾಯಿತು. ಹೊಡೆಯಲಾರದವನ ಮುಂದೆ ಕಾಯುವುದೂ ಒಂದು ಕಾಯುವುದೇ? ಇದು ತನ್ನ ಕಡೆಯ ಆಟ ಎಂದು ಅವನ ಮೊಣಕಾಲು ಆಗಲೇ ಹೇಳಿಯಾಗಿತ್ತು. ಕಡೆಯ ಚೆಂಡಾದರೂ ಖರೇ ಚೆಂಡಾಗಲಿ ಎನ್ನಿಸಿತು. ಮೆಲ್ಲಗೆ ಕುಳಿತು ಎರಡೂ ಗಾರ್ಡು ಬಿಚ್ಚಿದ. ಹೆಗಲ ಮೇಲಿನ ಟವೆಲನ್ನು ಕಂಬದ ಬುಡದಲ್ಲಿ ಹಾಸಿ, ಅದರ ಮೇಲೆ ಇಟ್ಟು ಕೈಮುಗಿದ. ಬರಿಗಾಲಲ್ಲಿ ಬಂದು ನಿಂತ.

"ದೇವರು ಬಾಜೂಕ ಕುಂತ ನೋಡ್ತಾನ. ಈಗ ಇಲ್ಲಿ ನಾ ಒಬ್ಬಾವ ಅದೇನಿ. ಹೊಡಿ."

ಕರೆಪ್ಪ ಹೊಡೆದ. ಎಂಥ ಚೆಂಡು! ಭೀಮಶಿಗೆ ಅದು ಪೂರಾ ಕಾಣಿಸಿತು, ಕಾಲು ಮಾತ್ರ ಮಡಚಲಿಲ್ಲ. ಪಾದದ ಪಕ್ಕದಿಂದಲೇ ಒಳಗೆ ಹೋಯಿತು. ಆ ಒಂದೇ ಗೋಲಿಗೆ ಹುನ್ನೂರು ಸೋತಿತು.

"ದೇವರನ್ನ ಬಿಚ್ಚಿಟ್ಟ ಸೋತ್ಯಲ್ಲೋ," ಎಂದು ಬಸಗೊಂಡಪ್ಪ ಬೈದ. ಬೈಯುವಾಗಲೂ ಅವನು ನೆಲದ ಮೇಲಿಂದ ಎದ್ದಿರಲಿಲ್ಲ, ಎಬ್ಬಿಸಲು ಇಬ್ಬರು ಬೇಕಾಯಿತು.

ಗಾರ್ಡನ್ನೂ ಬಟ್ಟಲನ್ನೂ ಟವೆಲಿನಲ್ಲಿ ಕಟ್ಟಿ ಹೆಗಲಿಗೆ ಹಾಕಿ, ಕೋಲನ್ನು ತಲೆಕೆಳಗೆ ಊರಿಕೊಂಡು, ಇನ್ನೊಂದು ಕೈಯಲ್ಲಿ ಮೊಣಕಾಲು ಹಿಡಿದು ಭೀಮಶಿ ಮನೆ ಮುಟ್ಟಿದಾಗ ಕುರಿಗಳು ದೊಡ್ಡಿ ಸೇರುತ್ತಿದ್ದವು. ಸಿದ್ದಕ್ಕ ಒಲೆ ಹೊತ್ತಿಸಿದ್ದಳು.

"ಚೆಂಡ ಬಡೀತೇನ್ರಿ?"

"ಇಲ್ಲ."

"ಬಿದ್ರೇನ ಮತ್ತ?"

"ಇಲ್ಲ. ಮಂದಿ ನನ್ನ ಕಾಲಿಗಿ ಬಿದ್ರು."

ಕಂಬಳಿಯ ಕಥೆಯನ್ನೂ ನಮಸ್ಕಾರಗಳ ಕಥೆಯನ್ನೂ ಹೇಳಿದ. ಕೇಳುತ್ತ ಕೇಳುತ್ತ ಸಿದ್ದಕ್ಕ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ನಕ್ಕು ಮುಗಿದ ಮೇಲೆ ಕೈ ಚಾಚಿ ಕೋಲು ಇಸಿದುಕೊಂಡಳು. ಅವಳು ಆಡಿದ ಮಾತು ತಪ್ಪುವ ಹೆಂಗಸಲ್ಲ. ಕೋಲು ಒಲೆಗೆ ಉದ್ದವಾಗುತ್ತದೆಂದು ಮುರಿಯಲು ಮೊಣಕಾಲಿಗೆ ಅಡ್ಡ ಇಟ್ಟು ಜಗ್ಗಿದಳು.

"ಯವ್ವಾ," ಎಂದು ಅಲ್ಲೇ ಕುಸಿದು ಕುಳಿತಳು.

ಬೆಳಗ್ಗೆ ಗೋಡೆ ಹಿಡಿದು ಎದ್ದಾಗ ಕೇಳಿದ ದನಿಯೇ ಅದು. ಸೀರೆ ಸರಿಸಿ ನೋಡಿದರೆ ಅವಳ ಮೊಣಕಾಲು ಅವನದಕ್ಕಿಂತ ಹೆಚ್ಚು ಬಾತಿತ್ತು.

"ಯಾವಾಗಿಂದ?" ಎಂದ ಭೀಮಶಿ.

"ಹ್ವಾದ ವರ್ಷ ನೀವು ಮಲಗಿದ್ರಲ್ಲ, ಕುರಿ ಹಿಂದ ತಿರುಗಿ ತಿರುಗಿ. ಆವಾಗಿಂದ."

"ಮತ್ತ ಹೇಳಲೇ ಇಲ್ಲಲ್ಲಾ."

"ಅಳತಿ ತಗೊಳ್ಳಾಕ ನೀವು ಊರೆಲ್ಲಾ ತಿರುಗಿದ್ರಿ. ಮನಿಗಿ ಬರಲಿಲ್ಲ."

ಪೂಜಾರಿಯ ಕಾಲಿನ ನೂಲು ಕೂಡ ಭೀಮಶಿಯ ಕಿಸೆಯಲ್ಲಿತ್ತು, ಸಿದ್ದಕ್ಕನದು ಇರಲಿಲ್ಲ. ಅವಳ ಕೈಯಿಂದ ಕೋಲು ತೆಗೆದುಕೊಂಡು, ಮುರಿಯದೆ, ಬಾಗಿದ ತುದಿ ಮೊದಲಾಗಿ ತಾನೇ ಒಲೆಗೆ ಇಟ್ಟ. ನೀರಿನ ಹಂಡೆ ಏರಿಸಿದ. ಬಟ್ಟಲಲ್ಲಿ ಉಳಿದಿದ್ದ ಅರಿಷಿಣವನ್ನು ಬಳಿದು ಅವಳ ಮೊಣಕಾಲಿಗೆ ಹಚ್ಚತೊಡಗಿದ.

"ಯಾರು ಗೆದ್ರು?" ಎಂದಳು ಸಿದ್ದಕ್ಕ. ಮದುವೆಯಾದಂದಿನಿಂದ ಅವಳು ಆಟದ ಬಗ್ಗೆ ಕೇಳಿದ ಮೊದಲ ಪ್ರಶ್ನೆ ಅದು.

"ಕರೆಪ್ಪಾ."

"ಛಲೋ ಆತ ಬಿಡ್ರಿ. ಅಷ್ಟ ದೂರದಿಂದ ಬಂದಿದ್ದ."

ಕೋಲು ಉದ್ದವಿತ್ತು. ಉರಿದಷ್ಟೂ ಅದನ್ನು ಒಳಗೆ ತಳ್ಳುತ್ತ, ನೀರು ಕಾಯುವವರೆಗೆ ಗಂಡ ಹೆಂಡತಿ ಒಲೆಯ ಮುಂದೆ ಕಾಲು ಚಾಚಿ ಕುಳಿತರು.