ಸೀಮೆಎಣ್ಣೆ ಕಂಪನಿ ಕೇಳಿದ ಹಾಳೆ

ಅವತ್ತು ಕೊಟ್ಟಿಗೆ ಬಳಿದೆ, ಎರಡು ಸೇರು ರಾಗಿ ಬೀಸಿದೆ, ಅತ್ತೆಯ ಪೂಜೆಗೆ ಅಣಿ ಮಾಡಿದೆ, ಹುಣಸೆಹಣ್ಣಿನ ಬೀಜ ಬಿಡಿಸಿದೆ, ಅಂಗಡಿಯ ಲಾಟೀನಿನ ಗಾಜುಗಳನ್ನು ಬೂದಿಯಲ್ಲಿ ಉಜ್ಜಿದೆ. ಇಷ್ಟನ್ನೂ ಎಂದಿನಂತೆ ನೋಟುಬುಕ್ಕಿನಲ್ಲಿ ಬರೆಯುತ್ತಿದ್ದಾಗ ಕಂಪನಿಯ ಇನ್ಸ್‌ಪೆಕ್ಟರು ಬಂದರು.

ಅಜ್ಜಂಪುರದಲ್ಲಿ ನಮ್ಮದು ಸೀಮೆಎಣ್ಣೆ ಅಂಗಡಿ, ಮನೆಯ ಮುಂಭಾಗದಲ್ಲೇ. ಕಂಪನಿ ಪರದೇಶದ್ದು, ಎಣ್ಣೆ ಕಡೂರಿನ ಡಿಪೋದಿಂದ ಬರುತ್ತಿತ್ತು. ಏಜೆನ್ಸಿ ಬಿಟ್ಟರೆ ನಮಗೆ ಹೊಲವಿಲ್ಲ, ಗದ್ದೆಯಿಲ್ಲ.

ಆಗ ಪೇಪರಿನ ತುಂಬಾ ಒಂದೇ ಸುದ್ದಿ. ದೂರದ ದೇಶವೊಂದರ ಪ್ರಧಾನಿ ತನ್ನ ನೆಲದ ಎಣ್ಣೆಬಾವಿಗಳನ್ನು ಪರದೇಶದ ಕಂಪನಿಯಿಂದ ಬಿಡಿಸಿಕೊಂಡಿದ್ದನಂತೆ. ಈಗ ಅವನನ್ನೇ ಕುರ್ಚಿಯಿಂದ ಇಳಿಸಿದರಂತೆ. ಮಧ್ಯಾಹ್ನದ ರೈಲಿಗೆ ಬಂದ ಪೇಪರನ್ನು ಮಿಡ್ಲ್ ಸ್ಕೂಲ್ ಮೇಷ್ಟ್ರು ಸಂಜೆ ನಮ್ಮ ಜಗಲಿಯಲ್ಲಿ ಕೂತು ನಾಲ್ಕು ಜನಕ್ಕೆ ಓದಿ ಹೇಳುತ್ತಿದ್ದರು. "ಮಾಡಿದ್ದು ಪರದೇಶದ ಗೂಢಚಾರರು, ಲಾಭ ಇಂಥಾ ಎಣ್ಣೆ ಕಂಪನಿಗಳಿಗೆ ಕಣ್ರಪ್ಪಾ" ಅನ್ನುತ್ತಿದ್ದರು.

ಇನ್ಸ್‌ಪೆಕ್ಟರು ಮಜ್ಜಿಗೆ ಕುಡಿದು ನನ್ನ ಅಕ್ಷರ ನೋಡಿದರು. "ಚೆನ್ನಾಗಿ ಬರೀತಾರಲ್ಲ! ಕಂಪನಿ ವಿರುದ್ಧ ಇಲ್ಲಿ ಯಾರು ಏನು ಮಾತಾಡ್ತಾರೆ, ಹೆಸರು ಸಮೇತ ಒಂದು ಹಾಳೇಲಿ ಬರೆಸಿಡಿ. ನಾಳೆ ತರೀಕೆರೆಯಿಂದ ವಾಪಸ್ ಬರ್ತಾ ತಗೋತೀನಿ. ನಿಮ್ಮ ಏಜೆನ್ಸಿ ಅದರ ಮೇಲೆ ನಿಂತಿದೆ" ಎಂದು ಯಜಮಾನರಿಗೆ ಹೇಳಿ ಹೋದರು.

ಮೇಷ್ಟ್ರದು ಸರ್ಕಾರಿ ನೌಕರಿ. ಮೇಲಿನವರಿಗೆ ಒಂದು ದೂರು ಹೋದರೆ ಮುಗಿಯಿತು.

"ಬರಿಯೇ ಮತ್ತೆ" ಅಂದರು ಯಜಮಾನರು, ನನ್ನ ಮುಖ ನೋಡದೆ. ನಾನು ನೋಟುಬುಕ್ಕು ಮುಚ್ಚಿಟ್ಟೆ.

"ಸೌತೆಕಾಯಿ ಹೆಚ್ಚಿದ್ದನ್ನೂ ಬರೀತಾಳೆ, ಈಗ ಕೈಗೇನಾಯ್ತಂತೆ?" ಎಂದು ಒಳಗಿನಿಂದ ಅತ್ತೆ.

ಸಂಜೆ ಮೇಷ್ಟ್ರು ಬಂದಾಗ ಇದ್ದದ್ದು ಇದ್ದಂಗೆ ಹೇಳಿಬಿಟ್ಟೆ. ಅವರು ನಕ್ಕರು. "ಬರೀರಿ ತಾಯಿ. ಇನಿಷಿಯಲ್ ಮಾತ್ರ ಸರಿಯಾಗಿ ಹಾಕಿ, ನನ್ನ ಹೆಸರಿನೋರು ಊರಲ್ಲಿ ಮೂವರವ್ರೆ." ನಕ್ಕರೂ ಪೇಪರು ಬಿಚ್ಚಲಿಲ್ಲ, ಕಂಕುಳಲ್ಲಿಟ್ಟುಕೊಂಡು ಮೆಟ್ಟಿಲಿಳಿದರು.

ಯಜಮಾನರು ಎಣ್ಣೆ ಅಳೆಯುವುದು ನಿಲ್ಲಿಸಿದರು. "ಮೇಷ್ಟ್ರೇ, ಬನ್ನಿ, ಕೂತ್ಕಳಿ. ಎಣ್ಣೆ ಕಂಪನೀದು, ಜಗಲಿ ನಮ್ಮಪ್ಪಂದು."

ಮೇಷ್ಟ್ರು ಕೂತು ಪೇಪರು ಓದಿದರು. ನಾನು ಹಾಳೆಯ ಮೇಲೆ ಬರೆದೆ: 'ಸಂಜೆ ನಮ್ಮ ಜಗಲಿಯಲ್ಲಿ ಪೇಪರು ಓದುತ್ತೇವೆ. ಕೇಳುವವರು ನಾನು, ಯಜಮಾನರು, ಅತ್ತೆ. ಬೇರೆಯವರ ಹೆಸರು ಬರೆಯುವುದಿಲ್ಲ.' ಯಜಮಾನರು ಕೆಳಗೆ ರುಜು ಹಾಕಿದರು. ಮರುದಿನ ಇನ್ಸ್‌ಪೆಕ್ಟರು ಅದನ್ನು ನಿಂತೇ ಓದಿ ಜೇಬಿಗಿಟ್ಟುಕೊಂಡು ಹೊರಟರು.

ಎರಡು ವಾರಕ್ಕೆ ಏಜೆನ್ಸಿ ರದ್ದಾದ ಕಾಗದ ಬಂತು. ಯಜಮಾನರು ಖಾಲಿ ಡಬ್ಬಗಳನ್ನು ಗಾಡಿಗೆ ಹೇರಿಸಿ ಕಳಿಸಿದರು. ಶಿವನಿ ಕಡೆಯಿಂದ ಕಡಲೆಕಾಯಿ ತರಿಸಿ ಮಾರೋಣ ಅಂದರು. ನಡೆಯುತ್ತೋ ಇಲ್ಲವೋ ಇಬ್ಬರಿಗೂ ಗೊತ್ತಿರಲಿಲ್ಲ. ಆ ದಿನ ಮುದ್ದೆ, ಹುರುಳಿಕಟ್ಟಿನ ಸಾರು, ಮೇಷ್ಟ್ರ ಹೆಂಡತಿ ಕಳಿಸಿದ ನಿಂಬೆ ಉಪ್ಪಿನಕಾಯಿ. ಯಜಮಾನರು ರಾತ್ರಿಯೆಲ್ಲ ಯೋಚನೆ ಮಾಡುತ್ತಾ ಕೂರುತ್ತಾರೆ ಅಂದುಕೊಂಡಿದ್ದೆ. ಎಲ್ಲರಿಗಿಂತ ಮೊದಲು ನಿದ್ದೆ ಹೋದವರು ಅವರೇ.